ಇವರನ್ನು ಹೆಸರು ಹಿಡಿದು ಕರೆದದ್ದು

ಗಂಡನ ಹೆಸರು ನಾನು ಹೇಳುವುದಿಲ್ಲ. ನಗಬೇಡಿ. ಈಗಿನ ಹುಡುಗಿಯರು ಮದುವೆಯ ಚಪ್ಪರದಲ್ಲೇ ಗಂಡನನ್ನು ಹೆಸರು ಹಿಡಿದು ಕರೆದು ನೀರು ತರಿಸಿಕೊಳ್ಳುತ್ತಾರೆ, ತರಿಸಿಕೊಳ್ಳಲಿ, ನೋಡಲು ಚಂದವೇ. ಆದರೆ ನನ್ನತ್ತೆ ಮಾವನ ಹೆಸರು ಹೇಳಿದವರಲ್ಲ, ನನ್ನಮ್ಮ ಅಪ್ಪನ ಹೆಸರು ಹೇಳಿದವಳಲ್ಲ. ಬ್ಯಾಂಕಿನಲ್ಲಿ ಕೇಳಿದರೆ ನಾನು ಇವರ ಆಧಾರ್ ಕಾರ್ಡನ್ನು ಮುಂದೆ ತಳ್ಳುತ್ತೇನೆ. ಓದಿಕೊಳ್ಳಲಿ, ಓದಲು ಬರುತ್ತದಲ್ಲ ಅವರಿಗೆ! ಆದ್ದರಿಂದ ಇಲ್ಲಿ ‘ಇವರು’ ಎಂದರೆ ನನ್ನ ಗಂಡ. ಹೆಸರು ಬೇರೆಯವರ ಬಾಯಲ್ಲಿ ಬರುವಾಗ ನಿಮಗೇ ಗೊತ್ತಾಗುತ್ತದೆ.

ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಯಾರನ್ನು ಕೇಳಿದರೂ ಇವರ ಬಗ್ಗೆ ಒಂದೇ ಮಾತು. ಒಳ್ಳೆಯ ನಾಟಕ ಬರೆಯುವವರು, ಇವರ ನಾಟಕ ನೋಡಿದರೆ ಬದುಕುವುದಕ್ಕೆ ಧೈರ್ಯ ಬರುತ್ತದೆ. ಎಷ್ಟು ಸನ್ಮಾನ, ಎಷ್ಟು ಶಾಲು! ಕಪಾಟಿನಲ್ಲಿ ನನ್ನ ಸೀರೆಗೆ ಜಾಗ ಇಲ್ಲ. ನಾನು ಹೇಳುತ್ತೇನೆ ಕೇಳಿ. ನಾನು ಕಂಡವರಲ್ಲಿ ಇವರಷ್ಟು ಪುಕ್ಕಲು ಮನುಷ್ಯ ಇನ್ನೊಬ್ಬರಿಲ್ಲ. ಊರಿಗೆಲ್ಲ ಧೈರ್ಯ ತುಂಬಿದ ಆ ನಾಟಕಗಳು ಹುಟ್ಟಿದ್ದೇ ಹೆದರಿಕೆಯಿಂದ.

ನಮ್ಮ ಮನೆ ಪುತ್ತಿಗೆಯಲ್ಲಿ. ಮೂಡುಬಿದಿರೆ ಬಸ್ ನಿಲ್ದಾಣದ ಹತ್ತಿರ ಇವರದ್ದೊಂದು ಫೋಟೋ ಫ್ರೇಮಿನ ಅಂಗಡಿ. ದೇವರ ಪಟ, ಮದುವೆ ಫೋಟೋ, ತೀರಿಹೋದವರ ಫೋಟೋ, ಎಲ್ಲ ಬರುತ್ತವೆ. ತೀರಿಹೋದವರದ್ದು ಬಂದರೆ ಇವರು ಬೇರೆ ಕೆಲಸ ಬಿಟ್ಟು ಅದನ್ನೇ ಮೊದಲು ಮುಗಿಸಿ, ಮುಖ ಗೋಡೆಯ ಕಡೆ ಮಾಡಿ ಇಡುತ್ತಾರೆ. ಮೂಲೆಯಲ್ಲಿ ಹಾರ್ಮೋನಿಯಂ. ಗಿರಾಕಿ ಇಲ್ಲದಾಗ ಅದರ ಎದುರು ಕೂತು ಹಾಡು ಕಟ್ಟುತ್ತಾರೆ. ಶುಕ್ರವಾರ ಭಜನಾ ಮಂದಿರದಲ್ಲಿ ಇವರು ಶುರು ಮಾಡಿದರೆ ಮೈಕ್ ಬೇಡ, ರಸ್ತೆಯವರೆಗೆ ಕೇಳುತ್ತದೆ. ಆದರೆ ಈ ದೇಹ ನಾಳೆ ಬಿದ್ದುಹೋಗುವುದು ಎಂಬಂಥ ಹಾಡು ಬಂತೋ, ಇವರಿಗೆ ಕೂಡಲೇ ಕೆಮ್ಮು ಬರುತ್ತದೆ. ಆ ಹಾಡು ಬೇರೆ ಯಾರಾದರೂ ಹೇಳಬೇಕು.

ಇದಕ್ಕೆಲ್ಲ ಮೂಲ ಇವರ ಮೊದಲ ನಾಟಕ. ನಮ್ಮ ಮದುವೆಗೆ ಮುಂಚಿನ ಮಾತು. ಬೆಳ್ತಂಗಡಿ ಕಡೆಯ ಒಂದು ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ಬರೆದದ್ದು. ಕುಡಿದು ಸಂಸಾರ ಹಾಳು ಮಾಡಿದ ಅಪ್ಪ ಕೊನೆಗೆ ಅಂಗಳದಲ್ಲಿ ಬಿದ್ದು ಸಾಯುತ್ತಾನೆ. ಅಪ್ಪನ ಪಾತ್ರ ಮಾಡಿದವರು ವಿಜಯರಾಜ ಎಂಬ ಜಿನಸಿ ಅಂಗಡಿಯವರು. ಅವರು ಜೈನರು, ಹೆಂಡದ ವಾಸನೆಯೂ ತಿಳಿಯದ ಮನುಷ್ಯ. ಜನ ಬಿಕ್ಕಿ ಬಿಕ್ಕಿ ಅತ್ತರಂತೆ. ವಿಜಯರಾಜರು ಖುಷಿಯಲ್ಲಿ ಮುಖದ ಬಣ್ಣವನ್ನೂ ತೊಳೆಯದೆ ಸೈಕಲ್ ಹತ್ತಿ ಮನೆಗೆ ಹೋದರಂತೆ. ಅದೇ ವಾರ ತಮ್ಮ ಮನೆಯ ಅಂಗಳದಲ್ಲಿ ಬಿದ್ದು ಹೋಗಿಬಿಟ್ಟರು. ಡಾಕ್ಟರು ಹೃದಯಾಘಾತ ಎಂದರು. ಊರಿನವರು ಎಂದದ್ದು ಬೇರೆ: ‘ಹುಡುಗ ಬರೆದದ್ದು ತಟ್ಟಿತು.’

ಕೆಟ್ಟ ಮಾತು ಆಡಿದರೆ ಮೇಲಿನಿಂದ ‘ಅಸ್ತು’ ಎನ್ನುವ ದೇವತೆಗಳಿದ್ದಾರೆ ಎಂದು ಎಲ್ಲ ಮನೆಗಳಲ್ಲೂ ಮಕ್ಕಳಿಗೆ ಗದರಿಸುತ್ತಾರೆ. ಇವರ ಮಟ್ಟಿಗೆ ಆ ದೇವತೆಗಳು ಆವತ್ತಿನಿಂದ ರಂಗದ ಎದುರಿನ ಸಾಲಿನ ಕುರ್ಚಿಯಲ್ಲೇ ಕೂತಿದ್ದಾರೆ. ಆಮೇಲೆ ಬರೆದ ಯಾವ ನಾಟಕದಲ್ಲೂ ಯಾರೂ ಸಾಯಲಿಲ್ಲ. ಕುಡುಕ ಕುಡಿತ ಬಿಟ್ಟು ಮಗಳ ಮದುವೆ ಮಾಡುತ್ತಾನೆ. ಕಾಣೆಯಾದ ಮಗ ಬಾಗಿಲು ತಟ್ಟುತ್ತಾನೆ. ರೋಗಿ ಎದ್ದು ಕೂತು ಗಂಜಿ ಕೇಳುತ್ತಾನೆ. ಜನ ಅದನ್ನು ಸ್ಫೂರ್ತಿ ಎಂದರು, ಶಾಲು ಹೊದಿಸಿದರು.

ಇನ್ನೊಂದು ಕಟ್ಟಳೆಯೂ ಆಗಲೇ ಶುರುವಾಯಿತು. ಮುಖಕ್ಕೆ ಬಣ್ಣ ಹಾಕುವ ಹಿರಿಯರೊಬ್ಬರು ಇವರಿಗೆ ಹೇಳಿದ್ದರಂತೆ, ರಂಗದ ಮೇಲೆ ಹೆಣವಾಗಿ ಮಲಗಿದವನನ್ನು ಮನೆಯವರು ಯಾರಾದರೂ ಅವನದೇ ಹೆಸರು ಹಿಡಿದು ಕರೆಯಬೇಕು, ಅವನು ‘ಓ’ ಎನ್ನಬೇಕು, ಆಮೇಲೆಯೇ ಏಳಬೇಕು. ಇಲ್ಲದಿದ್ದರೆ ಪಾತ್ರ ಎದ್ದು ಬರುತ್ತದೆ, ಮನುಷ್ಯ ಅಲ್ಲೇ ಉಳಿಯುತ್ತಾನೆ ಎಂದು. ವಿಜಯರಾಜರನ್ನು ಯಾರೂ ಕರೆದಿರಲಿಲ್ಲ. ಇವರ ತಂಡದಲ್ಲಿ ಹೆಣವೇ ಇಲ್ಲದ ಮೇಲೆ ಕರೆಯುವುದೆಲ್ಲಿ ಬಂತು ಎನ್ನಬೇಡಿ. ತಂಡದ ಹಾಸ್ಯಪಾತ್ರದ ಸುಧಾಕರನಿಗೆ ಒಂದು ನಾಟಕದಲ್ಲಿ ಬರೀ ಗೊರಕೆ ಹೊಡೆಯುವುದಿತ್ತು. ಅದಕ್ಕೂ ಅವನ ಹೆಂಡತಿಯನ್ನು ಜನರ ನಡುವಿನಿಂದ ಎಬ್ಬಿಸಿ ತಂದು ಕರೆಯಿಸಿದರು ಇವರು. ನಾನು ನಕ್ಕು ನಕ್ಕು ಸುಸ್ತಾಗಿದ್ದೆ.

ಮೊನ್ನೆಯ ಬೇಸಗೆಯ ಮೊದಲಿಗೆ ಶಿರ್ತಾಡಿಯ ಪದ್ಮಾಕ್ಷಿ ಅಂಗಡಿಗೆ ಬಂದಳು, ನಾನೂ ಅಲ್ಲೇ ಇದ್ದೆ. ಭಜನೆಯಲ್ಲಿ ಕಂಡು ಪರಿಚಯ. ಅವಳ ಮಗ ರಂಜಿತ್, ಒಬ್ಬನೇ ಮಗ, ಮೆಲ್ಕಾರಿನ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಬಂಟ್ವಾಳ ದಾಟಿ ಬರುವಾಗ ಬೈಕಿನಿಂದ ಬಿದ್ದು ತೀರಿಹೋಗಿದ್ದ. ಅವಳು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಹುಡುಗ ಬೈಕಿನ ಮೇಲೆ ಕೂತು ಹಲ್ಲು ಕಾಣುವ ಹಾಗೆ ನಗುತ್ತಿದ್ದಾನೆ.

“ಬೈಕ್ ಬೇಡ. ಮುಖ ಮಾತ್ರ ಹಾಕಿ ನಿತ್ಯಾನಂದಣ್ಣ” ಎಂದಳು. ಇವರು ಫೋಟೋ ತೆಗೆದುಕೊಂಡು ಒಳಗೆ ಹೋಗಲು ನೋಡಿದರು, ಅವಳು ಬಿಡಲಿಲ್ಲ. “ನಿಮ್ಮ ನಾಟಕ ಎಲ್ಲ ನೋಡಿದ್ದೇನೆ. ಎಲ್ಲದರಲ್ಲೂ ಎಲ್ಲರೂ ಮನೆಗೆ ಬರ್ತಾರೆ. ಬಾರದೆ ಹೋದವನದ್ದು ಒಂದು ಬರೀರಿ.”

“ಶಾಂತಂ ಪಾಪಂ! ಅಂಥದ್ದು ನಾನು ಬರೆಯುವುದಿಲ್ಲ, ಪದ್ಮಾಕ್ಷಿ.”

“ಒಮ್ಮೆ ಕೇಳಿ. ಹೆಲ್ಮೆಟ್ ಬೆವರು ನಾತ ಹೊಡೀತದೆ ಅಂತ ಅವನು ದಿನಾ ಹೇಳ್ತಿದ್ದ. ನಾನು ಒಳಗಿನ ಬಟ್ಟೆ ತೊಳೆದು ಬಿಸಿಲಿಗೆ ಹಾಕಿದೆ. ಒಣಗಲಿಲ್ಲ. ‘ಇವತ್ತೊಂದು ದಿನ ಹೀಗೇ ಹೋಗ್ತೇನಮ್ಮ’ ಅಂದ. ನಾನು ಒಲೆ ಮುಂದೆ ಇದ್ದೆ. ‘ಹೋಗು’ ಅಂದೆ.” ಅವಳು ನನ್ನ ಕಡೆ ತಿರುಗಿದಳು. “‘ಹೋಗಿ ಬಾ’ ಅನ್ನಲಿಲ್ಲ ಸ್ವರ್ಣಕ್ಕ. ಯಾವತ್ತೂ ಅನ್ನುವವಳು ನಾನು. ಆವತ್ತು ಬರೀ ‘ಹೋಗು’ ಅಂದೆ. ಬಾಯಲ್ಲಿ ಅದೇ ಬಂತು.”

ಹೊರಡುವವರಿಗೆ ‘ಹೋಗು’ ಎನ್ನಬಾರದು ಎಂದು ನಾವೆಲ್ಲ ಹಾಲಿನ ಜೊತೆಗೇ ಕುಡಿದವರು. ಏನು ಹೇಳುವುದು ಅವಳಿಗೆ? ಅವಳು ಹೋದ ಮೇಲೆ ಗಾಜು ಕತ್ತರಿಸಲು ಕೂತವರು ಬೆರಳು ಕೊಯ್ದುಕೊಂಡರು. ನಾನು ಬೆರಳಿಗೆ ಬಟ್ಟೆ ಸುತ್ತುವಾಗ ಹೇಳಿದರು, “ಬಾಯಿಂದ ಬಂದದ್ದು ತಟ್ಟುತ್ತದೆ ಅಂತ ಇಷ್ಟು ವರ್ಷ ನಂಬಿದೆ ನಾನು. ಅದು ನಿಜ ಆದರೆ ಆ ಹೆಂಗಸೇ ಮಗನನ್ನು ಕೊಂದ ಹಾಗಾಯಿತಲ್ಲ ಸ್ವರ್ಣ?”

“ಸುಮ್ಮನಿರಿ ಮಾರಾಯ್ರೆ. ಅದು ಬೇರೆ, ಇದು ಬೇರೆ” ಎಂದೆ ನಾನು.

ಬರೆಯಲು ಕೂತರು. ಮೊದಲು ಬರೆದದ್ದರಲ್ಲಿ ಹುಡುಗ ಒದ್ದೆ ಹೆಲ್ಮೆಟನ್ನೇ ಹಾಕಿಕೊಂಡು ಹೋಗಿ, ಬಿದ್ದರೂ ಏನೂ ಆಗದೆ ಮನೆಗೆ ಬಂದು ಊಟಕ್ಕೆ ಕೂರುತ್ತಾನೆ! ಪದ್ಮಾಕ್ಷಿಯನ್ನು ಕರೆದು ಓದಿ ಹೇಳಿದರು. ಅವಳು ಕೊನೆವರೆಗೆ ಕೇಳಿ, “ಇದು ಯಾರ ಮನೆಯ ಕಥೆ?” ಎಂದಳು. ಅಷ್ಟೇ. ಇವರು ಹರಿದುಹಾಕಿದರು. ಎರಡನೆಯದರಲ್ಲಿ ಹುಡುಗ ಮನೆಗೆ ಬರುವುದಿಲ್ಲ; ಅದನ್ನು ಬರೆದ ದಿನಗಳಲ್ಲಿ ಮನೆಯಲ್ಲಿ ಬದುಕಲು ಬಿಡಲಿಲ್ಲ. ಹಲ್ಲಿ ಲೊಚಗುಟ್ಟಿದರೆ ಪೆನ್ನು ಕೆಳಗೆ. ಮಂಗಳೂರಿನಲ್ಲಿರುವ ಮಗಳು ಪ್ರಾಪ್ತಿಗೆ ದಿನವೂ ಫೋನು: ಸ್ಕೂಟಿ ತೆಗೆಯಬೇಡ, ಬಸ್ಸಿನಲ್ಲಿ ಹೋಗು... ಅಯ್ಯೋ ಅಲ್ಲ, ಹೋಗಿ ಬಾ, ಹೋಗಿ ಬಾ! ನಾನು ಬೈಯುತ್ತಿದ್ದೆ. ಬೈದು, ದೇವರ ಕೋಣೆಗೆ ಹೋಗಿ ಎಣ್ಣೆ ತುಸು ಹೆಚ್ಚೇ ಹೊಯ್ಯುತ್ತಿದ್ದೆ. ಹೆದರಿಕೆ ಜ್ವರದ ಹಾಗೆ, ಒಂದೇ ಮನೆಯಲ್ಲಿದ್ದರೆ ಅಂಟಿಯೇ ಅಂಟುತ್ತದೆ.

ಮೆಲ್ಕಾರಿನ ಯುವಕರ ಸಂಘವೊಂದು ರಸ್ತೆ ಸುರಕ್ಷತೆಯ ಕಾರ್ಯಕ್ರಮಕ್ಕೆ ಈ ನಾಟಕ ಬೇಕೆಂದಿತು. ಸಂಜೆ, ಹೊತ್ತು ಮುಳುಗುವ ಮೊದಲೇ ಆಡಿ ಮುಗಿಸಬೇಕು. ಎಲ್ಲ ಸರಿ, ಬಿಳಿ ಬಟ್ಟೆಯ ಕೆಳಗೆ ಮಲಗುವವರು ಯಾರು? ಹುಡುಗನ ಪಾತ್ರಕ್ಕಿದ್ದ ಕಾಲೇಜಿನ ರೋಹಿತನ ತಾಯಿ, “ಬೈಕ್ ಹತ್ತುವವರೆಗೆ ಮಾಡಲಿ, ಮಲಗುವುದು ಬೇಡ” ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಸುಧಾಕರನನ್ನು ಕೇಳಿದರೆ ಕೈ ಮುಗಿದ. “ನಿತ್ಯಣ್ಣ, ಬೇಕಾದರೆ ಹೆಂಗಸಿನ ವೇಷ ಹಾಕ್ತೇನೆ, ಕತ್ತೆ ವೇಷ ಹಾಕ್ತೇನೆ. ಇದೊಂದು ಬೇಡ. ನನಗೆ ಸಣ್ಣ ಸಣ್ಣ ಮಕ್ಕಳು ಉಂಟು.”

ಕೊನೆಗೆ ಮನೆಯ ಉದ್ದದ ದಿಂಬುಗಳಿಗೆ ಬಟ್ಟೆ ಹೊದಿಸಿ ಅಭ್ಯಾಸ ಮಾಡಿದರು. ಪದ್ಮಾಕ್ಷಿ ಒಂದು ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ದಿಂಬನ್ನು ಎತ್ತಿಕೊಂಡು ಬಂದದ್ದೇ ತಡ, ಎದ್ದು ನಿಂತಳು. “ನನ್ನ ಮಗ ದಿಂಬು ಅಲ್ಲ” ಎಂದಳು.

ಇವರು ಹಾರ್ಮೋನಿಯಂ ಮುಚ್ಚಿದರು. “ನಾನು ಮಲಗ್ತೇನೆ.”

ಆವತ್ತು ಮನೆಗೆ ಬರುವ ದಾರಿಯುದ್ದಕ್ಕೂ ಜಗಳ. “ತಲೆ ಸರಿ ಉಂಟಾ ನಿಮಗೆ? ಕಳೆದ ವರ್ಷ ಎದೆ ನೋವು ಅಂತ ಮೂಡುಬಿದಿರೆಯಿಂದ ಮಂಗಳೂರಿಗೆ ಓಡಿದವರು ಯಾರು? ಗ್ಯಾಸ್ ಅಂತ ಡಾಕ್ಟರು ಹೇಳುವವರೆಗೆ ನಾನು ಸತ್ತು ಬದುಕಿದ್ದೇನೆ!”

“ಹೆದರಿಕೆ ಉಂಟು ಸ್ವರ್ಣ” ಎಂದರು ಇವರು. “ಬೇರೆ ಯಾರನ್ನಾದರೂ ಮಲಗಿಸಲು ನನಗೆ ಇನ್ನೂ ಹೆದರಿಕೆ. ನೀನು ಹೆಸರು ಹಿಡಿದು ಕರಿ. ನಾನು ಓ ಅಂತೇನೆ. ಆಯ್ತಲ್ಲ?”

ಆಯ್ತಾ? ಇವರ ಅಮ್ಮ ಇಲ್ಲ, ಅಣ್ಣ ಇಲ್ಲ. ಮಗಳು ಕರೆದರೆ ‘ಅಪ್ಪ’ ಎಂದಾಳು, ಅದು ಹೆಸರಲ್ಲ. ಉಳಿದವಳು ನಾನು. ಬ್ಯಾಂಕಿನಲ್ಲೇ ಬಾಯಿ ಬಿಡದವಳು ಮೆಲ್ಕಾರಿನ ಮೈದಾನದಲ್ಲಿ ಮೈಕಿನ ಎದುರು ಬಿಡಬೇಕು. ಸ್ನಾನದ ಕೋಣೆಯಲ್ಲಿ ನೀರು ಬಿಟ್ಟು ಒಬ್ಬಳೇ ಹೇಳಿ ನೋಡಿದೆ. ಮೊದಲ ಅಕ್ಷರ ಬಂತು, ಉಳಿದದ್ದು ಗಂಟಲಲ್ಲೇ ಕೂತಿತು. ಇವರು ಮಲಗಿದ ಮೇಲೆ ಹಾರ್ಮೋನಿಯಂ ಯಾರು ಎಂಬ ಪ್ರಶ್ನೆಯೂ ಬಂತು. ಅದಕ್ಕೂ ನಾನೇ. ಇಷ್ಟು ವರ್ಷ ಪಕ್ಕದಲ್ಲಿ ಕೂತು ತಾಳ ಹಾಕಿದವಳಿಗೆ ಒಂದು ಹಾಡು ಬಾರಿಸಲು ಬಾರದಾ ಎಂದರು.

ಮೆಲ್ಕಾರಿನಲ್ಲಿ ಆವತ್ತು ಜನವೋ ಜನ. ಹೆದ್ದಾರಿಯ ಲಾರಿಗಳ ಸದ್ದು ಮೈದಾನಕ್ಕೇ ಕೇಳುತ್ತಿತ್ತು. ಮೈಕಿನ ಕೆಲಸ ಪಾಣೆಮಂಗಳೂರಿನ ಇಬ್ರಾಹಿಂ ಖಲೀಲನದ್ದು, ನಮ್ಮ ತಂಡಕ್ಕೆ ಮೊದಲಿನಿಂದಲೂ ಅವನೇ. ಅವನು ನನ್ನ ಮೈಕ್ ಸರಿಮಾಡುತ್ತಾ, “ಅಕ್ಕ, ನಿಮ್ಮ ಕೈ ಐಸ್ ಆಗಿದೆ” ಎಂದ. ಇವರು ಹುಡುಗನ ಪ್ಯಾಂಟು ಹಾಕಿ, ಕಾಲಿಗೆ ಬಣ್ಣ ಬಳಿಸಿಕೊಂಡು ಪರದೆಯ ಹಿಂದೆ ಕೂತಿದ್ದರು. ಮುಖ ನೋಡಿದರೆ ಬಣ್ಣ ಹಚ್ಚುವ ಅಗತ್ಯವೇ ಇರಲಿಲ್ಲ.

ನಾಟಕ ಶುರುವಾಯಿತು. ಹೆಲ್ಮೆಟ್ ಬಿಸಿಲಿಗೆ ಹಾಕಿದ್ದು ಬಂತು. ತಾಯಿಯ ಪಾತ್ರದವಳು ಒಲೆಯ ಮುಂದಿನಿಂದ ‘ಹೋಗು’ ಎಂದಳು. ಆ ಮಾತು ಬಂದಾಗ ಹೆಂಗಸರ ಸಾಲಿನಲ್ಲಿ ಯಾರೋ ‘ಬಿಡ್ತು ಅನ್ನು!’ ಎಂದು ಕೂಗಿಯೇ ಬಿಟ್ಟರು. ಪದ್ಮಾಕ್ಷಿ ಎದುರಿನ ಸಾಲಿನಲ್ಲಿ ಕದಲದೆ ಕೂತಿದ್ದಳು. ಆಮೇಲೆ ಇವರನ್ನು ಎತ್ತಿಕೊಂಡು ಬಂದು ಮಲಗಿಸಿ ಬಿಳಿ ಬಟ್ಟೆ ಹೊದಿಸಿದರು. ನಾನು ಇವರ ಹಾಡನ್ನು ಹಿಡಿದೆ. ಕಣ್ಣು ಮಾತ್ರ ಆ ಬಟ್ಟೆಯ ಮೇಲೆ. ಎದೆಯ ಹತ್ತಿರ ಬಟ್ಟೆ ಏಳಬೇಕಲ್ಲ? ಏಳುತ್ತಿಲ್ಲ. ಉಸಿರು ಬಿಗಿ ಹಿಡಿದಿದ್ದಾರೆ, ಒಳ್ಳೆಯ ನಟ ಎಂದುಕೊಂಡೆ. ಆಮೇಲೆ ಅನ್ನಿಸಿತು, ಇವರು ಯಾವತ್ತು ನಟನೆ ಮಾಡಿದವರು? ಬರೆಯುವವರು, ಬಾರಿಸುವವರು, ಅಷ್ಟೇ. ಹಾಡು ಎಲ್ಲಿ ಮುಗಿಯಿತೋ ನನಗೆ ತಿಳಿಯದು.

“ನಿತ್ಯಾನಂದ” ಎಂದೆ. ಮೈಕಿನಲ್ಲಿ ಅದು ಬರೀ ಗಾಳಿಯ ಹಾಗೆ ಕೇಳಿತು.

ಓ ಇಲ್ಲ, ಏನೂ ಇಲ್ಲ.

“ನಿತ್ಯಾನಂದಾ! ಏಳಿ ಮಾರಾಯ್ರೆ, ಏಳಿ! ನನ್ನನ್ನು ಕೊಲ್ಲಬೇಡಿ!” ಎಂದು ಕಿರುಚಿದೆ. ಆಗ ಬಟ್ಟೆಯ ಕೆಳಗಿನಿಂದ ಸಣ್ಣಗೆ ‘ಓ’ ಎಂದು ಕೇಳಿತು. ಇವರು ಅಳುತ್ತಾ ಮಲಗಿದ್ದರಂತೆ, ಗಂಟಲು ಕಟ್ಟಿ ಸ್ವರ ಬಂದಿರಲಿಲ್ಲವಂತೆ. ಎದ್ದು ಕೂತರು. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಹಾರ್ಮೋನಿಯಂ ಮೇಲೆ ತಲೆ ಇಟ್ಟು ಅತ್ತೆ.

ಪರದೆಯ ಹಿಂದೆ ಪದ್ಮಾಕ್ಷಿ ಬಂದಳು. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ನನ್ನ ಕೈ ಹಿಡಿದುಕೊಂಡಳು. “ನೀವು ಕರೆದಿರಿ ಸ್ವರ್ಣಕ್ಕ, ಅವರು ಎದ್ದರು. ಆಸ್ಪತ್ರೆಯಲ್ಲಿ ನಾನೂ ಕರೆದೆ. ತುಂಬಾ ಹೊತ್ತು ಕರೆದೆ.” ಇಷ್ಟು ಹೇಳಿ ಬಸ್ಸಿಗೆ ಹೋದಳು.

ಶಾಲು ಹೊದಿಸಲು ಬಂದವರನ್ನು ಇವರು ಬೇಡ ಎಂದು ಕಳುಹಿಸಿದರು. ಮನೆಗೆ ಬಂದು ಊಟ ಮಾಡಲಿಲ್ಲ. “ನಾನು ಅವಳಿಗೆ ಏನು ತೋರಿಸಿದೆ? ಸರಿಯಾಗಿ ಕರೆದರೆ ಏಳ್ತಾರೆ, ತಪ್ಪು ಮಾತು ಆಡಿದರೆ ಹೋಗ್ತಾರೆ, ಇದನ್ನೇ ಅಲ್ವಾ?” ಎಂದರು. ನನಗೆ ಇವರು ಎದ್ದದ್ದೇ ಸಾಕಾಗಿತ್ತು. ಹಾಗೆಂದು ಹೇಳಲು ನಾಚಿಕೆಯಾಯಿತು.

ಮುಂದಿನ ವಾರ ಪದ್ಮಾಕ್ಷಿ ಫೋಟೋ ಒಯ್ಯಲು ಅಂಗಡಿಗೆ ಬಂದಳು. ಬೈಕ್ ಇಲ್ಲ, ನಗುವ ಮುಖ ಮಾತ್ರ, ಸುತ್ತ ಕರಿಮರದ ಚೌಕಟ್ಟು. ಅವಳು ಅದನ್ನು ಸೆರಗಿನಿಂದ ಒರೆಸಿ ಎದೆಗೆ ಅವಚಿಕೊಂಡು, “ಬರ್ತೇನೆ ಅಣ್ಣ” ಎಂದಳು.

ಇವರು ಎದ್ದು ನಿಂತರು. ಮೇಜಿನ ಅಂಚನ್ನು ಹಿಡಿದಿದ್ದರು, ಬೆರಳುಗಳೆಲ್ಲ ಬೆಳ್ಳಗಾಗಿದ್ದವು.

“ಹೋಗು, ಪದ್ಮಾಕ್ಷಿ” ಎಂದರು.

ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ನಾನು “ಅಯ್ಯೋ ದೇವರೇ, ಏನು ಮಾತು ಅದು!” ಎಂದು ಕೂಗಿ ‘ಹೋಗಿ ಬಾ’ ಎನ್ನಲು ಬಾಯಿ ತೆರೆದರೆ ಇವರು ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದರು. ಪದ್ಮಾಕ್ಷಿ ಇವರ ಮುಖ ನೋಡಿದಳು. ಆಮೇಲೆ ಮೆಟ್ಟಿಲಿಳಿದು, ಶಿರ್ತಾಡಿಯ ಬಸ್ ಹತ್ತಿದಳು.

ಇವರು ಅಲ್ಲೇ ಕುಸಿದು ಕೂತರು. “ಏನಾದರೂ ಆದರೆ? ಬಸ್ಸಿಗೆ ಏನಾದರೂ ಆದರೆ ಸ್ವರ್ಣ?” ನಾನು ಬೈದ ಬೈಗುಳ ಬರೆಯುವಂಥದ್ದಲ್ಲ. ಫೋನ್ ಮಾಡಿ ತಲುಪಿದಳಾ ಕೇಳುವ ಎಂದೆ. ಬೇಡ ಎಂದರು. ಫೋನ್ ಮಾಡಿದರೆ ‘ಬಾ’ ಎಂದು ಮತ್ತೆ ಕರೆದ ಹಾಗೆಯೇ ಅಲ್ಲವೇ ಎಂದರು. ಆ ರಾತ್ರಿ ಆಂಬುಲೆನ್ಸ್ ಸದ್ದು ಎಲ್ಲಿ ಕೇಳಿದರೂ ಇಬ್ಬರೂ ಎದ್ದು ಕೂರುತ್ತಿದ್ದೆವು. ನಾನು ಆವತ್ತು ಹೆದರಿದ ಹಾಗೆ ಮೆಲ್ಕಾರಿನಲ್ಲೂ ಹೆದರಿರಲಿಲ್ಲ. ಅಲ್ಲಿ ನನ್ನ ಬಾಯಿಗೆ ಒಂದು ಕೆಲಸವಾದರೂ ಇತ್ತು.

ಬೆಳಿಗ್ಗೆ ಚಹಾ ಕುಡಿಯದೆ ಅಂಗಡಿಗೆ ಹೊರಟೆವು. ಬೀಗ ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಪದ್ಮಾಕ್ಷಿ ಕೂತಿದ್ದಾಳೆ, ಫೋಟೋ ಮಡಿಲಲ್ಲಿ. ಮೊದಲ ಬಸ್ಸಿಗೇ ಬಂದಿದ್ದಳು. ಇವರ ಕೈಯಿಂದ ಬೀಗದ ಕೈ ಜಾರಿ ಕೆಳಗೆ ಬಿತ್ತು.

“ಹಿಂದೆ ಕೊಕ್ಕೆ ಹಾಕಿಲ್ಲ ನೀವು” ಎಂದಳು ಅವಳು. ಆಮೇಲೆ ಎದ್ದು ನಿಂತು, ತಡೆದು ತಡೆದು, ಮಗು ಕೇಳುವ ಹಾಗೆ ಕೇಳಿದಳು. “ನಾನು ಬಂದೆ ಅಣ್ಣ. ಹೋಗು ಅಂದರೂ ಬಂದೆ. ಹಾಗಾದರೆ ನಾನು ಅಂದ ಆ ಮಾತಿನಿಂದ ಅಲ್ಲ, ಅಲ್ವಾ?”

“ಅಲ್ಲ” ಎಂದರು ನಿತ್ಯಾನಂದ.

ಅವಳು ಮತ್ತೆ ಮೆಟ್ಟಿಲ ಮೇಲೆ ಕೂತು, ಮಗ ಹೋದ ಮೇಲೆ ಮೊದಲ ಸಲ, ಬಸ್ ನಿಲ್ದಾಣದ ಅಷ್ಟು ಜನರ ಎದುರು ಗಟ್ಟಿಯಾಗಿ ಅತ್ತಳು. ನಾವಿಬ್ಬರೂ ಅವಳ ಎರಡು ಪಕ್ಕದಲ್ಲಿ ಕೂತೆವು. ಆವತ್ತು ಅಂಗಡಿ ತೆಗೆದದ್ದು ತಡವಾಗಿ.